ಇನ್ನೊಂದು ಲೋಟ

ಆರಕ್ಕೆ ಇನ್ನೂ ಐದು ನಿಮಿಷ. ಮಂಡಕಳ್ಳಿಯ ಮೇಲೆ
ಯಾರೂ ತುಳಿಯದ ಮಂಜು.
ಈ ಹೊತ್ತಿನಲ್ಲಿ ಬೆಟ್ಟ ಇಲ್ಲ. ಅದರ ನೆತ್ತಿಯ ದೀಪ ಮಾತ್ರ
ಯಾವುದಕ್ಕೂ ಅಂಟಿಕೊಳ್ಳದೆ ನಿಂತಿದೆ.
ನಂಜನಗೂಡು ರಸ್ತೆಯ ಲಾರಿಗಳು
ಬರೀ ಸದ್ದಾಗಿ ಹಾದುಹೋಗುತ್ತವೆ.

ರೆಕ್ಕೆಯ ಅಡಿಗೆ ಬಗ್ಗುತ್ತೇನೆ.
ಮಂಡಿ ಲಟಕ್ಕನ್ನುತ್ತದೆ. ಕಾಲರಿನೊಳಕ್ಕೆ
ಇಬ್ಬನಿಯ ಹನಿಯೊಂದು ಇಳಿಯುತ್ತದೆ.
ಕೈಯಲ್ಲಿ ಪ್ಲಾಸ್ಟಿಕ್ ಲೋಟ, ಅದರ ನಡುವೆ ಒಂದು ಕಡ್ಡಿ.
ಮೇಲಕ್ಕೊತ್ತಿದರೆ
ಕರು ಮೂತಿ ತಾಗಿಸಿದ ಹಸುವಿನ ಹಾಗೆ
ವಿಮಾನ ತೊರೆ ಬಿಡುತ್ತದೆ.
ನೀಲಿ ಪೆಟ್ರೋಲು,
ಬಿಳಿ ಪಂಚೆಯ ಕೊನೆಯ ಜಾಲಾಟದಲ್ಲಿ ಉಳಿಯುವಷ್ಟೇ ನೀಲಿ.

ಅಪ್ಪ ಕೀಲಾರದ ಹಾಲಿನ ಡೇರಿಯಲ್ಲಿ
ಇಪ್ಪತ್ತೆರಡು ವರ್ಷ ಲ್ಯಾಕ್ಟೋಮೀಟರು ಇಳಿಬಿಟ್ಟು
ಗೆರೆ ಓದಿದವನು.
‘ಎಮ್ಮೆ ಮಳೇಲಿ ನೆಂದುಬಿಟ್ಟಿತ್ತು ಕಣಣ್ಣ’
ಅಂದಳಂತೆ ಪುಟ್ಟಸಿದ್ದಮ್ಮ.
‘ಹಂಗಾದ್ರೆ ಒಣಗಿಸ್ಕೊಂಡು ಬಾರವ್ವ.’
ನೀರು ಹಾಲಿಗೆ ಬಿದ್ದರೆ ಹಾಲೇ ಆಗಿಬಿಡ್ತದೆ,
ಅದೇ ಅದರ ಕಳ್ಳತನ, ಅನ್ನುತ್ತಿದ್ದ.

ಇಲ್ಲಿ ಹಾಗಲ್ಲಪ್ಪ.
ಒಂದೇ ಸೂರಿನಡಿ ಬೇರೆ ಒಲೆ ಹೂಡಿದ ದಾಯಾದಿಯಂತೆ
ನೀರು ತಳದಲ್ಲಿ ಕೂರುತ್ತದೆ, ನಡುವೆ ಗೆರೆ.
ಮತ್ತೆ, ಇಲ್ಲಿ ಯಾರೂ ಬೆರೆಸಿದ್ದಲ್ಲ.
ಅರ್ಧ ಖಾಲಿ ಟ್ಯಾಂಕಿನೊಳಗಿನ ಗಾಳಿ
ರಾತ್ರಿಯ ಚಳಿಗೆ ತಾನೇ ಬೆವರುತ್ತದೆ.
ಯಾರನ್ನು ಬೈಯಲಿ?

ಚಿತ್ತೆ ಮಳೆ ಹೊಡೆದ ಮಾರನೆ ದಿನ.
ಬೊಳ್ಳಮ್ಮನಿಗೆ ಹತ್ತೊಂಬತ್ತು ವರ್ಷ,
ಅವತ್ತು ಒಬ್ಬಳೇ ಹಾರುವವಳು.
ಲೋಟವನ್ನು ಬಿಳಿ ರೆಕ್ಕೆಗೆ ಹಿಡಿದು ನೋಡಿದಳು.
‘ಕ್ಲೀನ್ ಸರ್. ಗುಳ್ಳೆಯಿಲ್ಲ, ಗೆರೆಯಿಲ್ಲ.’

ಇರಲಿಲ್ಲ.
ಅಷ್ಟು ತಿಳಿ ನಾನು ಕಂಡಿರಲಿಲ್ಲ.

ಅಂಗೈಗೆ ಸುರಿದುಕೊಂಡೆ.
ಪೆಟ್ರೋಲಾದರೆ ಚುರುಕ್ಕನೆ ತಣ್ಣಗೆ ಕಚ್ಚಿ
ಎರಡು ಎಣಿಸುವಷ್ಟರಲ್ಲಿ ಹಾರಬೇಕು.
ಇದು ಹಾರಲಿಲ್ಲ.
ತೀರ್ಥದ ಹಾಗೆ
ಕೈಯ ಗುಳಿಯಲ್ಲಿ ಸುಮ್ಮನೆ ಕುಳಿತಿತ್ತು.
ಮೂಸಿದೆ. ವಾಸನೆಯೇ ಇಲ್ಲ.

‘ಇಷ್ಟೂ?’ ಅಂದಳು.
‘ಇಷ್ಟೂ.’

ಗೆರೆ ಎಲ್ಲಿಂದ ಬರಬೇಕು,
ಎರಡನೆಯದು ಇದ್ದರಲ್ಲವೆ?

ಎರಡನೇ ಲೋಟ, ಮೂರನೇದು. ಇಬ್ಬರೂ ಮಾತಾಡಲಿಲ್ಲ.
ರೆಕ್ಕೆಯ ತುದಿ ಹಿಡಿದು ತೊಟ್ಟಿಲಂತೆ ತೂಗಿದೆವು,
ಮೂಲೆಯಲ್ಲಿ ಅವಿತದ್ದು ಜಾರಿ ಬರಲಿ ಅಂತ.
ಐದನೇದು.
ಆರನೇ ಲೋಟದಲ್ಲಿ ನೀಲಿ ಬಂತು,
ಅದರ ತಳದಲ್ಲಿ ಉರುಳಾಡುವ ಒಂದು ಮಣಿ.
ಕೊಳೆ ಕಂಡು ಉಸಿರು ಬಿಟ್ಟದ್ದು
ನನ್ನ ಜೀವಮಾನದಲ್ಲಿ ಅದೇ ಮೊದಲು.

ಮುಚ್ಚಳದ ರಬ್ಬರು ಬಿರಿದಿತ್ತು, ಉಗುರು ತೂರುವಷ್ಟು.
ಕೊಳವೆಯಲ್ಲಿ ಉಳಿದಿದ್ದ ಪೆಟ್ರೋಲು
ರನ್‌ವೇ ಬಿಟ್ಟು ಏಳುವುದಕ್ಕೆ ಸಾಕಿತ್ತು,
ಆ ತುದಿಯ ತೆಂಗಿನಮರ ದಾಟುವುದಕ್ಕೆ ಸಾಲುತ್ತಿರಲಿಲ್ಲ.
ಇದನ್ನು ನಾನು ಅವಳಿಗೆ ಹೇಳಲಿಲ್ಲ.
ಅವಳೇ ಲೆಕ್ಕ ಹಾಕಿರಬೇಕು.
ಬೆಂಚಿನ ಮೇಲೆ ಕೂತು ಡಬ್ಬಿ ತೆರೆದವಳು
ಚಿತ್ರಾನ್ನದ ಕಡಲೆಬೀಜಗಳನ್ನೆಲ್ಲ ಒಂದು ಬದಿಗೆ ಸರಿಸಿ
ತಿನ್ನದೆ ಮುಚ್ಚಿದಳು.

ಈಗ ಹೊಸ ಹುಡುಗರು ನಗುತ್ತಾರೆ,
ಬೊಳ್ಳಮ್ಮ ಮೇಡಂ ಲೋಟ ಮೂಸುತ್ತಾರೆ ಅಂತ.
ಅವಳೂ ನಗುತ್ತಾಳೆ, ಮೂಸುತ್ತಾಳೆ,
ಅವರ ಮೂಗಿಗೂ ಹಿಡಿಯುತ್ತಾಳೆ.

ಮಂಜು ಕರಗುತ್ತಿದೆ. ಬೆಟ್ಟಕ್ಕೆ ಸೊಂಟ ಬಂದಿದೆ.
ಅತ್ತ ಯಾರೋ ವಾಚು ನೋಡುತ್ತಿದ್ದಾರೆ.
ಎಡ ರೆಕ್ಕೆ, ನೀಲಿ.
ಬಲ ರೆಕ್ಕೆ, ನೀಲಿ,
ತಳದಲ್ಲಿ ಒಂದು ಸಾಸಿವೆ ಕಾಳು
ಹೊಳೆಯುತ್ತಿದೆ.

ಡಬ್ಬಕ್ಕೆ ಚೆಲ್ಲಿ ಮತ್ತೆ ಬಗ್ಗುತ್ತೇನೆ.
ಕಾಯಲಿ.
ಇನ್ನೊಂದು ಲೋಟ.